ಹೊಗೆ ಎಸೆಯುವವರಿಗೂ ಒಂದು ಅಂಕ: ನಮ್ಮ ಶನಿವಾರದ ಸರ್ವರಿಗೆ ರೇಟಿಂಗ್ ಕಟ್ಟಿದ ದಾಖಲೆ

ಪ್ರತಿ ಶನಿವಾರ ರಾತ್ರಿ ಹತ್ತು ಗಂಟೆಗೆ ನಮ್ಮ ಬಳಗ ಕೌಂಟರ್-ಸ್ಟ್ರೈಕ್ 2 ಎಂಬ ಬಂದೂಕಿನ ಕಂಪ್ಯೂಟರ್ ಆಟ ಆಡಲು ಕೂರುತ್ತದೆ. ಪಟ್ಟಿಯಲ್ಲಿ 23 ಜನರಿದ್ದೇವೆ. ಹತ್ತು ಜನ ಸೇರಿದರೆ ಪಂದ್ಯ. ಹಾಸ್ಟೆಲ್ಲಿನ ಲ್ಯಾನ್‌ನಲ್ಲಿ ಅದರ ಹಳೆಯ ಆವೃತ್ತಿ 1.6 ಆಡಿಕೊಂಡು ಬೆಳೆದವರು ನಾವು. ಈಗ ಒಬ್ಬ ಶಿರಸಿಯಲ್ಲಿದ್ದಾನೆ, ಇಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬ ಡಬ್ಲಿನ್‌ನಲ್ಲಿ, ಉಳಿದವರು ಬೆಂಗಳೂರು ಮತ್ತು ಮೈಸೂರಿನಲ್ಲಿ. ತಮ್ಮಂದಿರು, ಅಕ್ಕತಂಗಿಯರು, ಕಚೇರಿಯ ಗೆಳೆಯರು ಆಮೇಲೆ ಸೇರಿಕೊಂಡರು. ನನ್ನ ಅಕ್ಕನೂ ಹಾಗೆಯೇ ಬಂದವಳು. ಮಗು ಮಲಗಿದ ಮೇಲೆ ಮೈಸೂರಿನ ಮನೆಯಿಂದ ಆಡುತ್ತಾಳೆ. ಆಟದಲ್ಲಿ ಅವಳ ಹೆಸರು ಅಳಿಲು.

ತಂಡ ಕಟ್ಟುವ ಹೊತ್ತು ನನಗೆ ಯಾವತ್ತೂ ಹಿಂಸೆ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆದುಕೊಳ್ಳುತ್ತಾ ಹೋಗುತ್ತಾರೆ, ಕೊನೆಗೆ ಉಳಿಯುವವರು ಪ್ರತಿ ವಾರವೂ ಅವರೇ. ಹೀಗೆ ಮಾಡಿದ ತಂಡಗಳು ಸಮವಾಗಿಯೂ ಇರುತ್ತಿರಲಿಲ್ಲ; 13–2ಕ್ಕೆ ಮುಗಿಯುವ ಪಂದ್ಯದಲ್ಲಿ ಗೆದ್ದವರಿಗೂ ಸುಖವಿಲ್ಲ. ಆದ್ದರಿಂದ ಜನವರಿಯಲ್ಲಿ ಒಂದು ಲೆಕ್ಕ ಕಟ್ಟಲು ಕೂತೆ. ಪ್ರತಿಯೊಬ್ಬರ ಆಟದ ಮಟ್ಟವನ್ನು ಅಳೆಯಬೇಕು, ಆ ಅಳತೆಯಿಂದ ಸಮಬಲದ ಎರಡು ತಂಡಗಳನ್ನು ಕಂಪ್ಯೂಟರೇ ಮಾಡಿಕೊಡಬೇಕು. ಎರಡು ವಾರದ ಕೆಲಸ ಎಂದುಕೊಂಡಿದ್ದೆ. ಒಂಬತ್ತು ತಿಂಗಳು ಹಿಡಿಯಿತು. ಮೊದಲ ಎರಡು ತಿಂಗಳು ಕಟ್ಟಿದ್ದನ್ನು ಪೂರ್ತಿ ಕೆಡವಬೇಕಾಯಿತು, ಏಕೆಂದರೆ ಅದು ತಪ್ಪಾಗಿ ಅಳೆಯುತ್ತಿದ್ದುದಷ್ಟೇ ಅಲ್ಲ, ನಾವು ಆಡುವ ರೀತಿಯನ್ನೇ ಕೆಡಿಸಿತು. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲೆಂದು ತಪ್ಪುಗಳನ್ನೂ ಬಿಡದೆ ಬರೆಯುತ್ತಿದ್ದೇನೆ.

ಲಾಗ್ ಓದಿಸುವುದು

ಸರ್ವರ್‌ನಲ್ಲಿ ಲಾಗ್ ಆನ್ ಮಾಡಿದರೆ ನಡೆದದ್ದೆಲ್ಲ ಸಾಲುಸಾಲಾಗಿ ಕಡತಕ್ಕೆ ಬೀಳುತ್ತದೆ: ದಿನಾಂಕ, ಗಂಟೆ, ಯಾರು ಯಾರನ್ನು ಯಾವ ಬಂದೂಕಿನಿಂದ ಹೊಡೆದರು, ಗುಂಡು ತಲೆಗೆ ಬಿತ್ತೇ, ಬಾಂಬ್ ಇಟ್ಟವರು ಯಾರು, ರೌಂಡ್ ಯಾರ ಪಾಲಾಯಿತು. ಆಟಗಾರನ ಗುರುತಿನಲ್ಲಿ ಮೊದಲು ಹೆಸರು, ಅದರ ಬೆನ್ನಿಗೆ ಸರ್ವರ್ ಕೊಟ್ಟ ಕ್ರಮಾಂಕ, ಸ್ಟೀಮ್ ಸಂಖ್ಯೆ (ಆಟ ಆಡಲು ಬೇಕಾದ ಖಾತೆಯ ಬದಲಾಗದ ಸಂಖ್ಯೆ), ತಂಡ ಇರುತ್ತವೆ. ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಈ ಸಾಲುಗಳನ್ನು ಎಸ್‌ಕ್ಯೂಲೈಟ್ ಕೋಷ್ಟಕಕ್ಕೆ ತುಂಬಿಸತೊಡಗಿದೆ.

ಮೊದಲ ವಾರವೇ ಒಂದು ವಿಚಿತ್ರ ಕಂಡಿತು. ನಮ್ಮಲ್ಲಿ ಎಲ್ಲರಿಗಿಂತ ಗುರಿಕಾರನಾದ ‘ಹುಲಿ’ಯೂ ಆಡಲು ಬಂದು ಎರಡೇ ವಾರವಾಗಿದ್ದ ‘ಹಾವು’ ಕೂಡ ಕೋಷ್ಟಕದಲ್ಲೇ ಇರಲಿಲ್ಲ. ಹುಡುಕಿದಾಗ ‘ಹ’ ಎಂಬ ಹೆಸರಿನ ಒಬ್ಬ ಆಟಗಾರ ಸಿಕ್ಕ. ಇಬ್ಬರೂ ಅವನೊಳಗೆ ಸೇರಿಹೋಗಿದ್ದರು. ಕಾರಣ ಹೀಗಿದೆ. ಪೈಥಾನ್‌ನಲ್ಲಿ ಪಠ್ಯದೊಳಗೆ ನಮೂನೆ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ‘ಪದದ ಅಕ್ಷರ’ಕ್ಕೆಂದು ಒಂದು ಸಂಕೇತವಿದೆ. ಅದು ಕನ್ನಡದ ಹ, ಲ, ವಗಳನ್ನು ಅಕ್ಷರವೆಂದು ಒಪ್ಪುತ್ತದೆ. ಆದರೆ ಕೊಂಬು, ಗುಡಿಸು, ಇಳಿಗಳನ್ನು ಒಪ್ಪುವುದಿಲ್ಲ, ಏಕೆಂದರೆ ಯೂನಿಕೋಡ್‌ನಲ್ಲಿ ಅವು ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಚಿಹ್ನೆಗಳು. ಹೆಸರಿನ ಆರಂಭದ ಅಕ್ಷರಗಳನ್ನು ಹಿಡಿದು ಉಳಿದದ್ದನ್ನು ದಾಟಿ ಹೋಗು ಎಂದು ನಾನು ಬರೆದಿದ್ದ ನಮೂನೆ ‘ಹು’ವಿನ ಕೊಂಬಿಗೂ ‘ಹಾ’ದ ಇಳಿಗೂ ಎಡವಿ ‘ಹ’ದಲ್ಲೇ ನಿಂತುಬಿಟ್ಟಿತ್ತು. ಕನ್ನಡದ ಹೆಸರುಗಳೊಂದಿಗೆ ಕೆಲಸ ಮಾಡುವವರು ಈ ಸಂಕೇತವನ್ನು ನಂಬಬಾರದು. ಕ್ರಮಾಂಕಕ್ಕೆ ಮೊದಲಿನ ‘<’ ಗುರುತು ಬರುವವರೆಗೆ ಇರುವುದನ್ನೆಲ್ಲ ಹೆಸರೆಂದು ತೆಗೆದುಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಒಳ್ಳೆಯದು, ಗುರುತಿಗೆ ಸ್ಟೀಮ್ ಸಂಖ್ಯೆಯನ್ನು ಮಾತ್ರ ಬಳಸಿ ಹೆಸರನ್ನು ತೋರಿಕೆಗೆ ಇಟ್ಟುಕೊಳ್ಳುವುದು. ನಾನು ಎರಡನೆಯದನ್ನು ಮಾಡಿದೆ; ಹೆಸರು ಬದಲಿಸುವವರ ಕಾಟವೂ ಅದರೊಂದಿಗೆ ತಪ್ಪಿತು.

ಮೊದಲ ಯಂತ್ರ, ಅಂದರೆ ತಪ್ಪು ಯಂತ್ರ

ನನ್ನ ಮೊದಲ ಸೂತ್ರದಲ್ಲಿ ಮೂರು ಅಂಶಗಳಿದ್ದವು: ಕಿಲ್ ಮತ್ತು ಡೆತ್‌ಗಳ (ಕೊಂದದ್ದು ಮತ್ತು ಸತ್ತದ್ದರ) ಅನುಪಾತ, ಪ್ರತಿ ರೌಂಡಿನಲ್ಲಿ ಎದುರಾಳಿಗೆ ಮಾಡಿದ ಸರಾಸರಿ ಹಾನಿ, ಅಸಿಸ್ಟ್‌ಗೆ (ಜೊತೆಗಾರನ ಕಿಲ್‌ಗೆ ನೆರವಾದದ್ದಕ್ಕೆ) ಅರ್ಧ ಅಂಕ. ನೋಡಲು ನ್ಯಾಯವಾಗಿಯೇ ಕಾಣುತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಪಟ್ಟಿಯನ್ನು ಬಳಗಕ್ಕೆ ಕಳುಹಿಸುತ್ತಿದ್ದೆ. ಮೊದಲೆರಡು ವಾರ ಎಲ್ಲರಿಗೂ ಸಂಭ್ರಮ.

ಮೂರನೆಯ ವಾರದಿಂದ ಆಟ ಬದಲಾಯಿತು. ಈ ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು: ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು ಅಥವಾ ಇಟ್ಟದ್ದನ್ನು ನಿಷ್ಕ್ರಿಯಗೊಳಿಸಬೇಕು. ಪ್ರತಿ ರೌಂಡಿಗೂ ಕೈಯಲ್ಲಿರುವ ಹಣದಲ್ಲಿ ಆಯುಧ ಕೊಳ್ಳಬೇಕು. ಒಂದು ಸ್ಮೋಕ್ ಗ್ರೆನೇಡಿಗೆ 300 ಡಾಲರ್, ಕಣ್ಣು ಕುಕ್ಕುವ ಫ್ಲ್ಯಾಷ್‌ಗೆ 200, ಬಾಂಬ್ ನಿಷ್ಕ್ರಿಯಗೊಳಿಸುವ ಡಿಫ್ಯೂಸ್ ಕಿಟ್‌ಗೆ 400. ಇವುಗಳಿಂದ ಯಾರೂ ಸಾಯುವುದಿಲ್ಲ. ಎದುರಾಳಿಯ ಕಣ್ಣಿಗೆ ಹೊಗೆ ಕಟ್ಟಿ ತನ್ನವರನ್ನು ದಾಟಿಸುವುದು, ತಾನು ಮೊದಲು ನುಗ್ಗಿ ಸತ್ತು ಹಿಂದೆ ಬರುವವನಿಗೆ ಎದುರಾಳಿ ನಿಂತ ಜಾಗವನ್ನು ತೋರಿಸಿಕೊಡುವುದು, ನಲವತ್ತು ಸೆಕೆಂಡಿನ ಬಾಂಬು ಸಿಡಿಯುವ ಮೊದಲು ಕಿಟ್ ಹಿಡಿದು ಐದು ಸೆಕೆಂಡ್ ಅಲುಗಾಡದೆ ಕೂತು ಡಿಫ್ಯೂಸ್ ಮಾಡುವುದು, ಇವೆಲ್ಲ ಗೆಲುವಿನ ಕೆಲಸಗಳು. ನನ್ನ ಸೂತ್ರದಲ್ಲಿ ಇವಕ್ಕೆ ಅಂಕವಿರಲಿಲ್ಲ. ಮೊದಲು ನುಗ್ಗಿ ಸತ್ತವನಿಗಂತೂ ಅಂಕ ಕಡಿತ.

ಹಾಗಾಗಿ ಯಾರೂ ಮೊದಲು ನುಗ್ಗುತ್ತಿರಲಿಲ್ಲ. ಐದು ಜನರೂ ಬಾಗಿಲ ಹಿಂದೆ ನಿಂತು ಮತ್ತೊಬ್ಬರು ಹೋಗಲಿ ಎಂದು ಕಾಯುತ್ತಿದ್ದರು. ಬಾಂಬ್ ಟಿಕ್‌ಟಿಕ್ ಎನ್ನುತ್ತಿದ್ದರೆ ಬದುಕಿ ಉಳಿದವರು ಡಿಫ್ಯೂಸ್ ಮಾಡಲು ಹೋಗದೆ ದೂರ ನಿಂತು, ಓಡಿ ಬರುವ ಎದುರಾಳಿಗಳನ್ನು ಹೊಡೆದು ಕಿಲ್ ಗಳಿಸುತ್ತಿದ್ದರು. ರೌಂಡ್ ಸೋತರೂ ಪಟ್ಟಿಯಲ್ಲಿ ಮೇಲೇರಬಹುದಿತ್ತು. ಇವರೆಲ್ಲ ನನ್ನ ಹತ್ತು ವರ್ಷದ ಗೆಳೆಯರು, ಸ್ವಾರ್ಥಿಗಳಲ್ಲ. ನಾನು ಯಾವುದನ್ನು ಎಣಿಸುತ್ತೇನೆಂದು ಹೇಳಿದ್ದೆನೋ ಅದನ್ನು ಅವರು ಮಾಡಿದರು. ತಪ್ಪು ಎಣಿಸಿದವನದು.

ಅದನ್ನು ನನಗೆ ತೋರಿಸಿಕೊಟ್ಟವಳು ಅಕ್ಕ. ಪಟ್ಟಿಯಲ್ಲಿ ಅವಳ ಸ್ಥಾನ 19. ಒಂದು ಭಾನುವಾರ ಫೋನ್ ಮಾಡಿ ಕೇಳಿದಳು: “ನಿನ್ನ ಪಟ್ಟಿಯಲ್ಲಿ ನಾನು ಹತ್ತೊಂಬತ್ತನೆಯವಳು. ಆದರೆ ನಾಯಕರು ತಂಡ ಆರಿಸುವಾಗ ನನ್ನನ್ನು ಎರಡನೆಯ ಸುತ್ತಿನಲ್ಲೇ ಕರೆದುಕೊಳ್ಳುತ್ತಿದ್ದರಲ್ಲ, ಅವರಿಗೆ ಲೆಕ್ಕ ಬರುವುದಿಲ್ಲವೇನು?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಮುಂದಿನ ಎರಡು ಶನಿವಾರ ಅವಳು ಆಡಲು ಬರಲಿಲ್ಲ.

ಆ ಪ್ರಶ್ನೆಯನ್ನು ನಾನು ಇವತ್ತಿಗೂ ಒಂದು ಪರೀಕ್ಷೆಯಾಗಿ ಇಟ್ಟುಕೊಂಡಿದ್ದೇನೆ. ಜೊತೆಗೆ ಆಡುವವರಿಗೆ ಗೊತ್ತಿರುವ ಸಂಗತಿ ಸೂತ್ರಕ್ಕೆ ಕಾಣದಿದ್ದರೆ ಕುರುಡು ಸೂತ್ರದ್ದೇ. ಊರಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಚಪ್ಪಾಳೆ ಬೀಳುವುದು ನೆಟ್ಟಿನ ಮೇಲೆ ಹಾರಿ ಚೆಂಡು ಬಡಿಯುವವನಿಗೆ. ಆದರೆ ಬೇರೆ ಊರಿನ ತಂಡದವರು ಬಾಡಿಗೆ ಕೊಟ್ಟು ಕರೆಸಿಕೊಳ್ಳಲು ಮೊದಲು ಹುಡುಕುವುದು ಅವನಿಗೆ ಚೆಂಡನ್ನು ಎತ್ತಿಕೊಡುವವನನ್ನು.

ಈ ಕೊರತೆಯನ್ನು ಅಂಕಿಅಂಶಗಳಿಂದಲೇ ತುಂಬಲು ನೋಡಿದವರಿದ್ದಾರೆ. ಈ ಆಟದ ಸುದ್ದಿ, ಅಂಕಿಅಂಶಗಳ ತಾಣವಾದ ಎಚ್‌ಎಲ್‌ಟಿವಿ 2017ರಲ್ಲಿ ತಂದ ರೇಟಿಂಗ್ 2.0ರಲ್ಲಿ ಕಿಲ್‌ಗಳ ಜೊತೆಗೆ, ಕಿಲ್ ಅಥವಾ ಅಸಿಸ್ಟ್ ಪಡೆದ, ಬದುಕುಳಿದ, ಇಲ್ಲವೇ ಸತ್ತರೂ ಜೊತೆಗಾರರು ಕೂಡಲೇ ಸೇಡು ತೀರಿಸಿದ ರೌಂಡ್‌ಗಳ ಪ್ರಮಾಣವನ್ನೂ ಸೇರಿಸಿದರು. ವೃತ್ತಿಪರರ ಆಟವನ್ನು ಓದಲು ಅದು ಒಳ್ಳೆಯ ಕನ್ನಡಿ. ನಾನೂ ಸ್ಮೋಕ್‌ಗೆ ಇಷ್ಟು, ಡಿಫ್ಯೂಸ್‌ಗೆ ಇಷ್ಟು ಎಂದು ಅಂಕ ಸೇರಿಸಿ ಒಂದು ವಾರ ನೋಡಿದೆ. ಸ್ಮೋಕ್‌ಗಳು ಕೂಡಲೇ ಹೆಚ್ಚಾದವು. ಗೋಡೆಗೆ, ಆಕಾಶಕ್ಕೆ, ಎಲ್ಲೆಂದರಲ್ಲಿ. ಅವತ್ತೇ ಆ ದಾರಿ ಬಿಟ್ಟೆ.

ಗೆಲುವನ್ನು ಮಾತ್ರ ಎಣಿಸಿದರೆ

ತಂಡದಲ್ಲಿ ಯಾರು ಏನೇ ಮಾಡಿರಲಿ, ಅದು ಗೆಲುವಿಗೆ ನೆರವಾಗಿದ್ದರೆ ಗೆಲುವಿನಲ್ಲಿ ಕಾಣಬೇಕು. ಆದ್ದರಿಂದ ಕಿಲ್ ಎಣಿಕೆಯನ್ನು ಪೂರ್ತಿ ಕಿತ್ತುಹಾಕಿ, ಯಾರು ಯಾರೊಂದಿಗೆ ಸೇರಿ ಯಾರ ವಿರುದ್ಧ ಆಡಿದರು, ಗೆದ್ದವರು ಯಾರು ಎಂಬುದನ್ನು ಮಾತ್ರ ಉಳಿಸಿಕೊಂಡೆ.

ಇದಕ್ಕೆ ಹಳೆಯ ಉಪಕರಣ ಚೆಸ್‌ನಲ್ಲಿದೆ. ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ, ಹಂಗೇರಿ ಮೂಲದ ಆರ್ಪಾಡ್ ಈಲೋ ರೂಪಿಸಿದ ಪದ್ಧತಿಯನ್ನು ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲಿಯೂ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿಯೂ ಒಪ್ಪಿಕೊಂಡವು. ಅದರ ತಿರುಳು ಸರಳ: ಇಬ್ಬರ ರೇಟಿಂಗ್‌ಗಳ ಅಂತರದಿಂದ ಗೆಲುವಿನ ನಿರೀಕ್ಷೆ ಹೇಳು, ಫಲಿತಾಂಶ ಬಂದ ಮೇಲೆ ನಿರೀಕ್ಷೆಗೂ ವಾಸ್ತವಕ್ಕೂ ಇರುವ ವ್ಯತ್ಯಾಸದಷ್ಟು ತಿದ್ದು. 200 ಅಂಕಗಳ ಅಂತರವಿದ್ದರೆ ಮೇಲಿನವನ ನಿರೀಕ್ಷೆ 0.76, 400 ಇದ್ದರೆ 0.91. ನಾನು ಐದು ಜನರ ಸರಾಸರಿಯನ್ನು ತಂಡದ ರೇಟಿಂಗ್ ಎಂದಿಟ್ಟುಕೊಂಡು, ಬಂದ ತಿದ್ದುಪಡಿಯನ್ನು ಐವರಿಗೂ ಸಮನಾಗಿ ಹಂಚಿದೆ. ಕೆಲಸ ಮಾಡಿತು, ಆದರೆ ಒರಟಾಗಿ. ನಲವತ್ತು ಪಂದ್ಯ ಆಡಿದವನಿಗೂ ನಿನ್ನೆ ಬಂದವಳಿಗೂ ಒಂದೇ ತಿದ್ದುಪಡಿ. ತನಗೆ ಯಾರ ಬಗ್ಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದು ಈಲೋ ಲೆಕ್ಕಕ್ಕೆ ತಿಳಿಯುವುದಿಲ್ಲ.

ಆ ಅರಿವನ್ನು ಲೆಕ್ಕದೊಳಗೆ ತಂದವರು ಮಾರ್ಕ್ ಗ್ಲಿಕ್‌ಮನ್. 1995ರ ಅವರ ಗ್ಲಿಕೋ ಪದ್ಧತಿಯಲ್ಲಿ ಪ್ರತಿ ರೇಟಿಂಗ್‌ನ ಜೊತೆಗೆ ಅದರ ಅನಿಶ್ಚಿತತೆಯೂ ಒಂದು ಅಂಕಿಯಾಗಿ ಇರುತ್ತದೆ. ಅದನ್ನು ತಂಡಗಳಿಗೆ ಹೊಂದಿಸಿದ್ದು ಟ್ರೂಸ್ಕಿಲ್. ಕೇಂಬ್ರಿಜ್‌ನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ರಾಲ್ಫ್ ಹೆರ್ಬ್ರಿಚ್, ಟಾಮ್ ಮಿಂಕಾ, ಥೋರ್ ಗ್ರೇಪೆಲ್ ಅವರು ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರಕ್ಕಾಗಿ ಇದನ್ನು ಕಟ್ಟಿದರು. ಇದರಲ್ಲಿ ಪ್ರತಿಯೊಬ್ಬರಿಗೂ ಎರಡು ಅಂಕಿಗಳು: ಮಟ್ಟದ ಅಂದಾಜು, ಆರಂಭದಲ್ಲಿ 25, ಅನಿಶ್ಚಿತತೆ, ಆರಂಭದಲ್ಲಿ 25ರ ಮೂರನೆಯ ಒಂದು ಭಾಗ, ಅಂದರೆ 8.33. ಒಬ್ಬರ ಆಟ ದಿನದಿಂದ ದಿನಕ್ಕೆ ಏರಿಳಿಯುವುದಕ್ಕೆ ಬೀಟಾ ಎಂಬ ಇನ್ನೊಂದು ಅಂಕಿ, 4.17. ತಂಡದ ಬಲವೆಂದರೆ ಐವರ ಮೊತ್ತ. (ಹೆಸರು ಮೈಕ್ರೋಸಾಫ್ಟಿನದು, ಪೇಟೆಂಟ್ ಪಡೆದದ್ದೂ ಅವರೇ. ಮಾರಾಟದ ಉತ್ಪನ್ನಕ್ಕೆ ಬಳಸುವ ಯೋಚನೆಯಿರುವವರು ತೈವಾನಿನ ವೆಂಗ್ ಮತ್ತು ಲಿನ್ 2011ರಲ್ಲಿ ಪ್ರಕಟಿಸಿದ ವಿಧಾನವನ್ನು ನೋಡಬಹುದು. ಫಲ ಬಹುಮಟ್ಟಿಗೆ ಹತ್ತಿರದ್ದೇ.)

ಎರಡೇ ತಂಡಗಳಿದ್ದು ಡ್ರಾ ಇಲ್ಲದಿದ್ದರೆ ಇದರ ಗಣಿತ ಒಂದು ಪುಟದಲ್ಲಿ ಮುಗಿಯುತ್ತದೆ. 12–12 ಆದರೆ ಓವರ್‌ಟೈಮ್ (ಹೆಚ್ಚುವರಿ ರೌಂಡ್‌ಗಳು) ಎಂದು ಸರ್ವರ್‌ನಲ್ಲೇ ಇರಿಸಿ ಡ್ರಾವನ್ನು ಇಲ್ಲವಾಗಿಸಿದೆ. ಹತ್ತೂ ಜನರ ಅನಿಶ್ಚಿತತೆಯ ವರ್ಗಗಳನ್ನು ಕೂಡಿ, ತಲೆಗೊಂದರಂತೆ ಬೀಟಾದ ವರ್ಗವನ್ನು ಸೇರಿಸಿ, ವರ್ಗಮೂಲ ತೆಗೆಯಬೇಕು. ಎಲ್ಲರೂ ಹೊಸಬರಾದ ಐದೈದು ಜನರ ಪಂದ್ಯದಲ್ಲಿ ಅದು 29.46, ಒಬ್ಬರ ವಿರುದ್ಧ ಒಬ್ಬರ ಪಂದ್ಯದಲ್ಲಿ 13.18. ತಿದ್ದುಪಡಿಯನ್ನು ಈ ಅಂಕಿಯಿಂದ ಭಾಗಿಸಲಾಗುತ್ತದೆ. ಒಬ್ಬರ ವಿರುದ್ಧ ಒಬ್ಬರು ಆಡಿ ಗೆದ್ದ ಹೊಸಬನ ಅಂದಾಜು 25ರಿಂದ 29.2ಕ್ಕೆ ಜಿಗಿಯುತ್ತದೆ, ಅನಿಶ್ಚಿತತೆ 7.19ಕ್ಕೆ ಇಳಿಯುತ್ತದೆ. ಐವರ ತಂಡದಲ್ಲಿ ಗೆದ್ದರೆ ಅಂದಾಜು 26.9, ಅನಿಶ್ಚಿತತೆ 8.1. ಒಂದು ಪಂದ್ಯದಿಂದ ನಾವು ಒಬ್ಬರ ಬಗ್ಗೆ ಕಲಿಯುವುದು ಎಷ್ಟು ಸ್ವಲ್ಪ ಎಂಬುದನ್ನು ನನ್ನ ಪರದೆಯ ಮೇಲೆ ಈ ಎರಡು ಸಾಲುಗಳು ಬಂದ ರಾತ್ರಿಯೇ ನಾನು ನಿಜವಾಗಿ ತಿಳಿದುಕೊಂಡದ್ದು. ಟ್ರೂಸ್ಕಿಲ್‌ನವರೇ ಕೊಟ್ಟಿರುವ ಲೆಕ್ಕದಂತೆ ಇಬ್ಬರ ನಡುವಿನ ಆಟದಲ್ಲಿ ಒಬ್ಬರ ಮಟ್ಟ ತಿಳಿಯಲು ಸುಮಾರು 12 ಪಂದ್ಯ ಸಾಕು. ನಾಲ್ಕು ನಾಲ್ಕು ಜನರ ಎರಡು ತಂಡಗಳಿದ್ದರೆ 46, ಎಂಟೆಂಟು ಜನರಿದ್ದರೆ 91. ವಾರಕ್ಕೆ ಮೂರು ಪಂದ್ಯ ಆಡುವ ನಮಗೆ ಅದು ತಿಂಗಳುಗಟ್ಟಲೆ ಕಾಯುವ ಲೆಕ್ಕ.

ಆದರೂ ಈ ಪದ್ಧತಿಯ ಒಂದು ಗುಣಕ್ಕೆ ನಾನು ಮನಸೋತೆ. ತಿದ್ದುಪಡಿಯಲ್ಲಿ ಒಬ್ಬೊಬ್ಬರ ಪಾಲು ಅವರವರ ಅನಿಶ್ಚಿತತೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ. ಅನಿಶ್ಚಿತತೆ 2ಕ್ಕೆ ಇಳಿದ ಹಳಬನೂ 8.33 ಇರುವ ಹೊಸಬಳೂ ಒಂದೇ ತಂಡದಲ್ಲಿ ಸೋತರೆ, ಹೊಸಬಳ ಅಂದಾಜು ಹಳಬನದಕ್ಕಿಂತ 17 ಪಟ್ಟು ಹೆಚ್ಚು ಸರಿಯುತ್ತದೆ. ಗೊತ್ತಿದ್ದವನ ಮೇಲೆ ತಪ್ಪು ಹೊರಿಸುವುದಿಲ್ಲ, ಗೊತ್ತಿಲ್ಲದವಳ ಬಗ್ಗೆ ಬೇಗ ಕಲಿಯುತ್ತದೆ.

ಅವಸರಕ್ಕೆ ಬಿದ್ದು ಮಾಡಿದ ತಪ್ಪು

ಕಾಯಲಾಗದೆ ಒಂದು ಅಡ್ಡದಾರಿ ಹಿಡಿದೆ. ಒಂದು ಪಂದ್ಯದಲ್ಲಿ ಸಾಮಾನ್ಯವಾಗಿ ಇಪ್ಪತ್ತರಷ್ಟು ರೌಂಡ್‌ಗಳಿರುತ್ತವೆ; ಪ್ರತಿ ರೌಂಡನ್ನೂ ಒಂದು ಪಂದ್ಯವೆಂದು ಎಣಿಸಿದರೆ ಮಾಹಿತಿ ಇಪ್ಪತ್ತು ಪಟ್ಟಾಗುತ್ತದೆಯಲ್ಲವೇ? ಹಾಗೆ ಮಾಡಿದೆ. 24 ರೌಂಡ್‌ಗಳ ಒಂದೇ ಪಂದ್ಯ ಮುಗಿಯುವಷ್ಟರಲ್ಲಿ ಹೊಸಬರ ಅನಿಶ್ಚಿತತೆ 8.33ರಿಂದ 5ರ ಹತ್ತಿರಕ್ಕೆ ಬಂದಿತ್ತು. ಯಂತ್ರ ಬಹಳ ಧೈರ್ಯದಿಂದ ಮಾತಾಡತೊಡಗಿತು. ಮುಂದಿನ ವಾರ ಅದು ಸಮಬಲ ಎಂದು ಆಣೆಯಿಟ್ಟು ಮಾಡಿಕೊಟ್ಟ ತಂಡಗಳು 13–3ಕ್ಕೆ ಮುಗಿದವು.

ದೋಷ ಇರುವುದು ಹಣದಲ್ಲಿ. ಎಲ್ಲರೂ 800 ಡಾಲರ್‌ನಿಂದ ಶುರು ಮಾಡುತ್ತಾರೆ. ಮೊದಲ ರೌಂಡ್ ಗೆದ್ದವರಿಗೆ ಎರಡನೆಯದರಲ್ಲಿ ಒಳ್ಳೆಯ ಬಂದೂಕು; ಸೋತವರಿಗೆ 2,700 ಡಾಲರ್‌ನ ಎಕೆ-47 ಸಾಮಾನ್ಯವಾಗಿ ಕೈಗೆಟುಕುವುದಿಲ್ಲ. ಸತತವಾಗಿ ಸೋತವರಿಗೆ ಪರಿಹಾರದ ಹಣ 1,400ರಿಂದ 500ರಂತೆ ಏರುತ್ತಾ 3,400ರವರೆಗೆ ಹೋಗುತ್ತದೆ, ಆಮೇಲೆ ಅವರಿಗೂ ಬಂದೂಕು ಬರುತ್ತದೆ. ಅಂದರೆ ಒಂದು ರೌಂಡಿನ ಫಲ ಮುಂದಿನದಕ್ಕೆ ಹರಿಯುತ್ತದೆ. 24 ರೌಂಡ್‌ಗಳೆಂದರೆ 24 ಬೇರೆ ಬೇರೆ ಸಾಕ್ಷಿಗಳಲ್ಲ. ಒಬ್ಬರನ್ನೊಬ್ಬರು ಕೇಳಿಕೊಂಡು ಹೇಳಿಕೆ ಕೊಟ್ಟ 24 ಸಾಕ್ಷಿಗಳು. ಮತ್ತೆ ಒಂದು ಪಂದ್ಯಕ್ಕೆ ಒಂದೇ ಫಲಿತಾಂಶ ಎಂಬಲ್ಲಿಗೆ ಮರಳಿದೆ. ನಿಧಾನ, ಆದರೆ ಸುಳ್ಳು ಹೇಳುವುದಿಲ್ಲ.

ಮಾಹಿತಿ ಹೆಚ್ಚಿಸುವ ಇನ್ನೊಂದು ದಾರಿ 2018ರ ಟ್ರೂಸ್ಕಿಲ್ 2ರಲ್ಲಿದೆ. ಅದು ಕಿಲ್, ಡೆತ್, ಜೊತೆಗಾರರ ಗುಂಪು, ಅನುಭವ, ನಡುವೆ ಬಿಟ್ಟು ಹೋಗುವ ಅಭ್ಯಾಸಗಳನ್ನೂ ಲೆಕ್ಕಕ್ಕೆ ತರುತ್ತದೆ. ಹೇಲೋ 5 ಎಂಬ ಆಟದಲ್ಲಿ ಫಲಿತಾಂಶ ಊಹಿಸುವ ನಿಖರತೆ ಶೇ. 52ರಿಂದ ಶೇ. 68ಕ್ಕೆ ಏರಿತೆಂದು ಅದರ ಕರ್ತೃಗಳು ತೋರಿಸಿದ್ದಾರೆ. ಅಲ್ಲಿ ಕಿಲ್ ಎಂಬುದು ಬಹುಮಾನವಲ್ಲ, ಮಟ್ಟಕ್ಕೆ ಒಂದು ಮಸುಕಾದ ಸಾಕ್ಷಿ ಮಾತ್ರ, ಮತ್ತು ಆ ಸಾಕ್ಷಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಅಪಾರ ಸಂಖ್ಯೆಯ ಪಂದ್ಯಗಳಿಂದ ಕಲಿಯುತ್ತಾರೆ. 23 ಜನರ ಬಳಗದಲ್ಲಿ ಆ ತೂಕವನ್ನು ಕಲಿಯುವಷ್ಟು ಪಂದ್ಯಗಳು ಎಂದಿಗೂ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ಹಾಳಾಗಿ ಸರಿಹೋದ ಆಟದೊಳಗೆ ಮತ್ತೆ ಕಿಲ್ ಎಣಿಕೆಯನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಹುಬ್ಬಳ್ಳಿಯ ಅಣ್ಣತಮ್ಮಂದಿರು

ಈ ಕೆಲಸದಲ್ಲಿ ನನ್ನ ನಿದ್ದೆ ಕೆಡಿಸಿದ ಭಾಗ ಇದು. ಹುಬ್ಬಳ್ಳಿಯ ಇಬ್ಬರು ಅಣ್ಣತಮ್ಮಂದಿರು, ಒಂದೇ ಕೋಣೆಯಲ್ಲಿ ಕೂತು ಆಡುವವರು, ಯಾವಾಗಲೂ ಒಂದೇ ತಂಡ. ಅಣ್ಣ ಪಳಗಿದವನು, ತಮ್ಮ ಈಗಷ್ಟೇ ಕಲಿಯುತ್ತಿರುವವನು. ಎರಡು ತಿಂಗಳ ಪಂದ್ಯಗಳ ಮೇಲೆ ಯಂತ್ರ ಓಡಿಸಿದಾಗ ಇಬ್ಬರ ರೇಟಿಂಗ್ ದಶಾಂಶದ ಕೊನೆಯ ಅಂಕಿಯವರೆಗೂ ಒಂದೇ ಬಂತು. ಕೋಡ್‌ನಲ್ಲಿ ದೋಷವಿದೆ ಎಂದು ಒಂದು ಸಂಜೆಯೆಲ್ಲ ಹುಡುಕಿದೆ. ದೋಷವಿರಲಿಲ್ಲ. ಇಬ್ಬರೂ ಒಂದೇ ಅಂಕಿಯಿಂದ ಶುರು ಮಾಡಿ, ಪ್ರತಿ ಪಂದ್ಯದಲ್ಲಿ ಒಟ್ಟಿಗೆ ಗೆದ್ದು ಒಟ್ಟಿಗೆ ಸೋತರೆ ಲೆಕ್ಕಕ್ಕೆ ಅವರ ಮೊತ್ತ ಕಾಣುತ್ತದೆಯೇ ಹೊರತು ಒಬ್ಬೊಬ್ಬರು ಕಾಣುವುದಿಲ್ಲ. ಅಣ್ಣನಿಗೆ 35, ತಮ್ಮನಿಗೆ 15 ಇದ್ದರೂ ಇಬ್ಬರಿಗೂ 25 ಇದ್ದರೂ ಫಲಿತಾಂಶಗಳು ಒಂದೇ ತೆರನಾಗಿರುತ್ತವೆ. ಇನ್ನೂ ಕೆಟ್ಟದ್ದೆಂದರೆ, ಪಂದ್ಯ ಕಳೆದಂತೆ ಇಬ್ಬರ ಅನಿಶ್ಚಿತತೆಯೂ ಇಳಿಯುತ್ತಲೇ ಇರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಯಂತ್ರ ಹೇಳುತ್ತದೆ.

ತಂಡದ ಆಟದಲ್ಲಿ ನ್ಯಾಯವಾದ ಅಳತೆ ಸೂತ್ರದಿಂದ ಹುಟ್ಟುವುದಿಲ್ಲ, ತಂಡಗಳನ್ನು ಬೆರೆಸುವುದರಿಂದ ಹುಟ್ಟುತ್ತದೆ ಎಂಬುದು ನನಗೆ ಅಲ್ಲಿ ಸ್ಪಷ್ಟವಾಯಿತು. ಹಾಗಾಗಿ ಉಳಿದ ಶ್ರಮವನ್ನೆಲ್ಲ ತಂಡ ಹಂಚುವ ಭಾಗಕ್ಕೆ ಹಾಕಿದೆ.

ಹತ್ತು ಜನರನ್ನು ಐದೈದಾಗಿ ಹಂಚಲು 126 ದಾರಿಗಳಿವೆ. ಕಂಪ್ಯೂಟರ್ ಅಷ್ಟನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ನೋಡುತ್ತದೆ. ಮೊದಲು ನಾನು ಗೆಲುವಿನ ಸಂಭವ ಶೇ. 50ಕ್ಕೆ ಅತಿ ಹತ್ತಿರವಿರುವ ಹಂಚಿಕೆಯನ್ನು ಆರಿಸುವಂತೆ ಬರೆದೆ. ಅದೇ ಹತ್ತು ಜನ ರಾತ್ರಿಯೆಲ್ಲ ಆಡಿದರೆ ರೇಟಿಂಗ್‌ಗಳು ಸ್ವಲ್ಪವೇ ಅಲುಗುವುದರಿಂದ ಮತ್ತೆ ಮತ್ತೆ ಅದೇ ತಂಡಗಳು ಬಂದವು. ಬೆರೆಸಬೇಕೆಂದು ಹೊರಟವನು ಎಲ್ಲರನ್ನೂ ಇನ್ನಷ್ಟು ಗಟ್ಟಿಯಾಗಿ ಕಟ್ಟಿಹಾಕಿದ್ದೆ. ಈಗಿನ ನಿಯಮ ಬೇರೆ. ಶೇ. 45ರಿಂದ 55ರೊಳಗೆ ಬರುವ ಎಲ್ಲ ಹಂಚಿಕೆಗಳನ್ನೂ ಸಮಬಲವೆಂದೇ ಒಪ್ಪಬೇಕು. ಹತ್ತು ಜನರಲ್ಲಿ 45 ಜೋಡಿಗಳಿರುತ್ತವೆ, ಯಾವ ಹಂಚಿಕೆಯಲ್ಲಾದರೂ ಅವುಗಳಲ್ಲಿ 20 ಜೋಡಿಗಳು ಒಂದೇ ಕಡೆ ಬೀಳುತ್ತವೆ. ಆ ಇಪ್ಪತ್ತು ಜೋಡಿಗಳು ಈ ಹಿಂದೆ ಒಟ್ಟಿಗೆ ಆಡಿದ ಪಂದ್ಯಗಳ ಮೊತ್ತ ಯಾವ ಹಂಚಿಕೆಯಲ್ಲಿ ಅತಿ ಕಡಿಮೆಯೋ ಅದನ್ನು ತೆಗೆದುಕೊಳ್ಳಬೇಕು.

ಗಣಿತಕ್ಕಿಂತ ಕಷ್ಟವಾದದ್ದು ಅಣ್ಣತಮ್ಮಂದಿರಿಗೆ ಹೇಳುವುದು. ವಾರವಿಡೀ ಬೇರೆ ಬೇರೆ ಪಾಳಿಯಲ್ಲಿ ದುಡಿಯುವ ಅವರಿಗೆ ಒಟ್ಟಿಗೆ ಆಡುವುದೇ ಶನಿವಾರದ ಸುಖ. ಅದನ್ನು ಕಸಿದುಕೊಂಡು ಅಳತೆ ಮಾಡುವ ಹಕ್ಕು ನನಗಿಲ್ಲ. ಆದ್ದರಿಂದ ಮೊದಲ ಎರಡು ಪಂದ್ಯಗಳ ತಂಡ ಯಂತ್ರದ್ದು, ಮೂರನೆಯದು ಅವರವರ ಇಷ್ಟದ್ದು. ಮೂರನೆಯದನ್ನು ರೇಟಿಂಗ್‌ಗೆ ಸೇರಿಸುವುದಿಲ್ಲ ಎಂದು ಒಪ್ಪಂದವಾಯಿತು. ಒಂದೂವರೆ ತಿಂಗಳಲ್ಲಿ ಅಣ್ಣನ ಅಂದಾಜೂ ತಮ್ಮನ ಅಂದಾಜೂ ಬೇರೆಯಾದವು. ತಮ್ಮ ನಾವೆಣಿಸಿದ್ದಕ್ಕಿಂತ ಚೆನ್ನಾಗಿ ಆಡುತ್ತಿದ್ದ. ಅಣ್ಣನ ಪಕ್ಕದಲ್ಲಿ ಅವನು ಬಾಯಿ ತೆರೆಯುತ್ತಿರಲಿಲ್ಲ, ಬೇರೆ ತಂಡದಲ್ಲಿ ಸೂಚನೆ ಕೊಡುವುದಕ್ಕೆ ತೊಡಗಿದ್ದ.

ಮಳೆಗಾಲದ ರಿಪೇರಿ

ಜೂನ್‌ನಲ್ಲಿ ಶಿರಸಿಯ ಗೆಳೆಯನ ಮನೆಯ ಕರೆಂಟ್ ಪಂದ್ಯದ ನಡುವೆ ಹೋಗತೊಡಗಿತು. 14 ರೌಂಡ್ ಆಡಿ ಮಾಯವಾದರೆ ನಾಲ್ವರು ಐವರ ವಿರುದ್ಧ ಉಳಿದ ಆಟ ಆಡಬೇಕು. ಟ್ರೂಸ್ಕಿಲ್‌ನಲ್ಲಿ ಇದಕ್ಕೆ ದಾರಿಯಿದೆ: 24ರಲ್ಲಿ 14 ರೌಂಡ್ ಆಡಿದವನಿಗೆ 0.58ರ ತೂಕ ಕೊಡುವುದು. ಹಾಕಿ ನೋಡಿದೆ. ಒಬ್ಬ ಪೂರ್ತಿ ಇಲ್ಲದಿದ್ದರೆ, ಪಳಗಿದವರೇ ಇರುವ ಪಂದ್ಯದಲ್ಲಿ ನಾಲ್ವರ ಗೆಲುವಿನ ಸಂಭವ ಶೇ. 5ಕ್ಕಿಂತ ಕಡಿಮೆ ಎಂದಿತು. ನಾವು ಆಡಿದ ಅನುಭವದಲ್ಲಿ ನಾಲ್ವರು ಅಷ್ಟು ನಿಸ್ಸಹಾಯಕರಲ್ಲ.

ಯೋಚಿಸಿದಾಗ ಕಾರಣ ಹೊಳೆಯಿತು. 25 ಎಂಬ ಆರಂಭದ ಅಂಕಿ ಸುಮ್ಮನೆ ಇಟ್ಟದ್ದು. ಐವರ ವಿರುದ್ಧ ಐವರಿರುವವರೆಗೆ ಅದು 25 ಆದರೂ 1000 ಆದರೂ ವ್ಯತ್ಯಾಸವಿಲ್ಲ, ಎರಡೂ ಕಡೆ ಹೊಡೆದುಹೋಗುತ್ತದೆ. ಒಬ್ಬ ಹೋದ ಕೂಡಲೇ ಆ ಅಂಕಿಗೆ ಅರ್ಥ ಬಂದುಬಿಡುತ್ತದೆ: ಒಬ್ಬ ಸಾಧಾರಣ ಆಟಗಾರನಿಗೂ ಖಾಲಿ ಕುರ್ಚಿಗೂ ಇರುವ ಅಂತರ 25 ಎಂದು ನಾವು ಯೋಚಿಸದೆಯೇ ಹೇಳಿದಂತಾಗುತ್ತದೆ. ಸರಿಯಾದ ಅಂಕಿಯನ್ನು ಕಂಡುಕೊಳ್ಳುವಷ್ಟು ನಾಲ್ವರ ಪಂದ್ಯಗಳು ನಮ್ಮಲ್ಲಿಲ್ಲ. ಹೀಗಾಗಿ ಗಣಿತವನ್ನು ಬದಿಗಿಟ್ಟು ಒಂದು ನಿಯಮ ಮಾಡಿದೆವು. ಮೂರು ರೌಂಡ್‌ಗಳೊಳಗೆ ಮರಳಿ ಬಂದರೆ ಪಂದ್ಯ ಲೆಕ್ಕಕ್ಕಿದೆ, ಇಲ್ಲದಿದ್ದರೆ ಯಾರಿಗೂ ಇಲ್ಲ. ಗೆಲ್ಲುತ್ತಿದ್ದ ತಂಡಕ್ಕೆ ಬೇಸರವಾಗುತ್ತದೆ. ಆದರೆ ಮಳೆಗೆ ಯಾರ ರೇಟಿಂಗೂ ಇಳಿಯುವುದಿಲ್ಲ.

ಪರೀಕ್ಷೆ, ಮದುವೆ, ಊರಿನ ಜಾತ್ರೆ ಎಂದು ವಾರಗಟ್ಟಲೆ ಬಾರದವರಿಗೆ ವಾರಕ್ಕಿಷ್ಟೆಂದು ಅನಿಶ್ಚಿತತೆ ಹೆಚ್ಚಿಸುವ ಒಂದು ಸಾಲನ್ನೂ ಇದೇ ಹೊತ್ತಿಗೆ ಸೇರಿಸಿದೆ.

ಯಂತ್ರ ಸರಿಯಿದೆಯೆಂದು ತಿಳಿಯುವುದು ಹೇಗೆ

ಮೊದಲ ಬಾರಿ ಪರೀಕ್ಷಿಸಿದಾಗ ನನ್ನ ಯಂತ್ರ ಬೆರಗಾಗುವಷ್ಟು ನಿಖರವಾಗಿತ್ತು. ಇವತ್ತಿನ ರೇಟಿಂಗ್‌ಗಳನ್ನು ಹಿಡಿದು ಜನವರಿಯ ಪಂದ್ಯಗಳನ್ನು ಊಹಿಸಿದ್ದೆ. ಆ ರೇಟಿಂಗ್‌ಗಳು ಹುಟ್ಟಿದ್ದೇ ಆ ಪಂದ್ಯಗಳಿಂದ. ಉತ್ತರ ಪತ್ರಿಕೆ ನೋಡಿಕೊಂಡು ಪರೀಕ್ಷೆ ಬರೆದಂತೆ. ಆಮೇಲೆ ಪಂದ್ಯಗಳನ್ನು ನಡೆದ ಕ್ರಮದಲ್ಲೇ ಮರಳಿ ಓಡಿಸಿ, ಪ್ರತಿ ಪಂದ್ಯಕ್ಕೂ ಅದರ ಹಿಂದಿನ ದಿನದವರೆಗೆ ಗೊತ್ತಿದ್ದುದರಿಂದ ಮಾತ್ರ ಸಂಭವ ಹೇಳಿಸಿದೆ. ನಿಜವಾಗಿ ಗೆದ್ದ ತಂಡಕ್ಕೆ ಎಷ್ಟು ಸಂಭವ ಕೊಟ್ಟಿತ್ತೋ ಅದರ ಲಾಗರಿದಮ್ ತೆಗೆದು ಋಣ ಚಿಹ್ನೆ ಬದಲಿಸಿ ಸರಾಸರಿ ಮಾಡಿದರೆ ಒಂದು ದಂಡದ ಅಂಕಿ ಸಿಗುತ್ತದೆ. ಪ್ರತಿ ಬಾರಿಯೂ ಅರ್ಧಕ್ಕರ್ಧ ಎನ್ನುವ ಸೋಮಾರಿಗೆ ಅದು 0.693. ಅದಕ್ಕಿಂತ ಕಡಿಮೆ ಬಂದರೆ ಯಂತ್ರಕ್ಕೆ ಏನೋ ಗೊತ್ತಿದೆ ಎಂದು ಅರ್ಥ. ಕಿಲ್ ಎಣಿಸುತ್ತಿದ್ದ ನನ್ನ ಮೊದಲ ಸೂತ್ರವನ್ನು ಸಂಭವಕ್ಕೆ ತಿರುಗಿಸಿ ಇದೇ ಪರೀಕ್ಷೆಗೆ ಹಚ್ಚಿದೆ. ಅದು ಸೋಮಾರಿಗಿಂತ ಹೆಚ್ಚು ದಂಡ ಕಟ್ಟಿತು.

ಇಲ್ಲಿ ಒಂದು ಎಚ್ಚರ ಬೇಕು. ತಂಡ ಹಂಚುವ ಭಾಗ ಚೆನ್ನಾಗಿ ಕೆಲಸ ಮಾಡಿದಷ್ಟೂ ಪ್ರತಿ ಪಂದ್ಯ ಅರ್ಧಕ್ಕರ್ಧದ ಹತ್ತಿರ ಬರುತ್ತದೆ, ಊಹೆಗಳು ಹೆಚ್ಚು ತಪ್ಪುತ್ತವೆ, ದಂಡ 0.693ರತ್ತ ಸರಿಯುತ್ತದೆ. ಅದನ್ನು ಕಂಡು ಯಂತ್ರ ಕೆಟ್ಟಿತೆಂದು ಗಾಬರಿಯಾಗಬಾರದು. ಹಂಚುವ ಯಂತ್ರ ಬರುವ ಮೊದಲು ನಾಯಕರು ಆರಿಸಿದ ಪಂದ್ಯಗಳ ಮೇಲೆ ಅಳೆದರೆ ರೇಟಿಂಗ್‌ನ ಗುಣ ತಿಳಿಯುತ್ತದೆ.

ತೋರಿಸುವ ಬಗೆ

ಕೊನೆಯ ರಿಪೇರಿ ಪಟ್ಟಿಯದು. ಟ್ರೂಸ್ಕಿಲ್‌ನ ರೂಢಿಯಂತೆ ಅಂದಾಜಿನಿಂದ ಅನಿಶ್ಚಿತತೆಯ ಮೂರು ಪಟ್ಟನ್ನು ಕಳೆದು ತೋರಿಸುತ್ತಿದ್ದೆ. ಹೊಸಬರದು ಸೊನ್ನೆಯಿಂದ ಶುರುವಾಗುತ್ತದೆ. ಎಲ್ಲರೂ ಹೊಸಬರಾದ ಮೊದಲ ಪಂದ್ಯ ಗೆದ್ದರೆ 2.5, ಸೋತರೆ ಸೊನ್ನೆಗಿಂತ 1.2 ಕೆಳಗೆ. ಮೊದಲ ರಾತ್ರಿ ಆಡಲು ಬಂದ ಕಚೇರಿಯ ಹುಡುಗಿಯೊಬ್ಬಳ ಹೆಸರಿನ ಮುಂದೆ ಋಣ ಸಂಖ್ಯೆ ಕಂಡಾಗ ನನಗೇ ನಾಚಿಕೆಯಾಯಿತು. ಯಾರ ಬಗ್ಗೆ ಏನೂ ಗೊತ್ತಿಲ್ಲವೋ ಅವರಿಗೆ ಸೊನ್ನೆಗಿಂತ ಕೆಳಗಿನ ಅಂಕ ಕೊಡುವುದು ಲೆಕ್ಕದ ದೃಷ್ಟಿಯಿಂದ ಸರಿಯಿರಬಹುದು, ಮನೆಗೆ ಬಂದವರನ್ನು ಬರಮಾಡಿಕೊಳ್ಳುವ ರೀತಿಯಲ್ಲ.

ಈಗ ಒಂದೇ ಅಂಕಿ ಎಲ್ಲೂ ಇಲ್ಲ. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಪಟ್ಟೆ ಇರುತ್ತದೆ, ಅವರ ಮಟ್ಟ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ತೋರಿಸುವ ಪಟ್ಟೆ. ಹೊಸಬರದು ಪರದೆಯ ತುಂಬ ಹರಡಿರುತ್ತದೆ, ಆಡಿದಂತೆ ಕಿರಿದಾಗುತ್ತದೆ. ಒಬ್ಬರ ಪಟ್ಟೆ ಇನ್ನೊಬ್ಬರದರ ಮೇಲೆ ಹಾಯ್ದಿದ್ದರೆ ಯಾರು ಮೇಲು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಮತ್ತು ನಮ್ಮ ಬಳಗದಲ್ಲಿ ಬಹುಪಾಲು ಪಟ್ಟೆಗಳು ಹಾಗೆಯೇ ಹಾಯ್ದಿವೆ. ಅದಕ್ಕೇ ಸ್ಥಾನಗಳನ್ನೂ ತೆಗೆದುಹಾಕಿ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿದೆ.

ಅಕ್ಕ ಏಪ್ರಿಲ್‌ನಲ್ಲಿ ಮರಳಿ ಬಂದಿದ್ದಳು. ಅವಳ ಪಟ್ಟೆ ಈಗ ಬಲಗಡೆಗೆ, ಹುಲಿಯ ಪಟ್ಟೆಯ ಬಲತುದಿಯನ್ನು ಮುಟ್ಟುವಷ್ಟು ದೂರ ಸರಿದಿದೆ. ಮಗುವಿನ ಜ್ವರಕ್ಕೆಂದು ನಡುವೆ ಆರು ವಾರ ತಪ್ಪಿಸಿಕೊಂಡಿದ್ದರಿಂದ ಇನ್ನೂ ಅಗಲವಾಗಿಯೇ ಇದೆ. ಕಳೆದ ಶನಿವಾರ ಮಿರಾಜ್ ಎಂಬ ಆಟದ ನಕ್ಷೆಯಲ್ಲಿ 12–12 ಆಗಿ ಓವರ್‌ಟೈಮ್‌ಗೆ ಹೋದೆವು. ಕೊನೆಯ ರೌಂಡಿನಲ್ಲಿ ಅವಳು ಕೈಯಲ್ಲಿದ್ದ ಹಣದಲ್ಲಿ ಬಂದೂಕು ಕೊಳ್ಳದೆ ಎರಡು ಫ್ಲ್ಯಾಷ್ ಮತ್ತು ಒಂದು ಸ್ಮೋಕ್ ಕೊಂಡಳು, ಕಿಟಕಿಗೆ ಹೊಗೆ ಕಟ್ಟಿದಳು, ಹುಬ್ಬಳ್ಳಿಯ ತಮ್ಮನಿಗೆ “ಈಗ ಹೋಗು” ಎಂದಳು. 16–14. ಭಾನುವಾರ ಬೆಳಿಗ್ಗೆ ಹೊಸ ಪಟ್ಟಿ ಕಳುಹಿಸಿದೆ. ಅಕ್ಷರ ಕ್ರಮದಲ್ಲಿ ಅಳಿಲು ಮೊದಲನೆಯ ಸಾಲು.